ಮಗಳಿಗೆ ಮೊದಲ ಫೋನ್: ಬಟನ್ನಿನದಾ, ಸ್ಮಾರ್ಟ್‌ಫೋನಾ?

ನಮ್ಮ ಕಾಲದಲ್ಲಿ ಬಸ್ ತಪ್ಪಿದರೆ ಅಂಗಡಿ ಮುಂದಿನ ಕಾಯಿನ್ ಬಾಕ್ಸಿಗೆ ಒಂದು ರೂಪಾಯಿ ಹಾಕಿ ಮನೆಗೆ ಹೇಳುತ್ತಿದ್ದೆವು. ಈಗ ಆ ಡಬ್ಬಿ ಎಲ್ಲಿ ಸಿಗುತ್ತದೆ? ಟ್ಯೂಷನ್‌ಗೆ ಹೋಗುವ ಮಗುವಿನ ಕೈಗೆ ಏನಾದರೊಂದು ಕೊಡಲೇಬೇಕು ಅಲ್ವಾ?

ಬಟನ್ ಫೋನ್ ಅಗ್ಗ. ಒಮ್ಮೆ ಚಾರ್ಜ್ ಮಾಡಿದರೆ ಎರಡು ಮೂರು ದಿನ ಬರುತ್ತದೆ, ಬಿದ್ದರೂ ಜಾಸ್ತಿ ಚಿಂತೆಯಿಲ್ಲ. ರೀಲ್ಸ್ ಕಾಟವೂ ಇಲ್ಲ. ಆದರೆ ಹೋಂವರ್ಕ್ ವಾಟ್ಸಾಪ್‌ನಲ್ಲಿ ಬಂದರೆ ನಿಮ್ಮ ಫೋನೇ ಗತಿ.

ಸ್ಮಾರ್ಟ್‌ಫೋನ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿಯೇ ಕೊಡಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಲಾಕ್, ಯಾವ ಆ್ಯಪ್ ಬೇಕು ಎಂಬುದನ್ನೆಲ್ಲ ನಿಮ್ಮ ಫೋನಿನಿಂದಲೇ ತೀರ್ಮಾನಿಸಬಹುದು. ಮಗು ಎಲ್ಲಿದೆ ಅಂತಲೂ ನೋಡಬಹುದು. ಆದರೆ ‘ಇನ್ನು ಹತ್ತೇ ನಿಮಿಷ ಅಮ್ಮಾ’ ಎಂಬ ಚೌಕಾಸಿ ದಿನಾ ಇದ್ದದ್ದೇ. ನನ್ನ ಮಗಳಂತೂ ಸೊಪ್ಪು ಬಿಡಿಸುವ ನೆಪದಲ್ಲಿ ಪಕ್ಕ ಕೂತು ನನ್ನ ಪಿನ್ ನೋಡಿಕೊಂಡಿದ್ದಳು! ಅವತ್ತಿನಿಂದ ಅವಳು ನನಗೆ ಸಹಾಯಕ್ಕೆ ಬಂದರೆ ಸ್ವಲ್ಪ ಅನುಮಾನ.

ನನ್ನ ಕೇಳಿದರೆ ಏಳನೇ ಕ್ಲಾಸ್‌ವರೆಗೆ ಬಟನ್ ಫೋನ್ ಸಾಕು. ಇನ್‌ಸ್ಟಾಗ್ರಾಂ ಖಾತೆಗೂ 13 ತುಂಬಿರಬೇಕು ಅಂತ ಅವರದೇ ನಿಯಮವಿದೆ. ಆಮೇಲೆ ಸ್ಮಾರ್ಟ್‌ಫೋನ್ ಕೊಡಿ. ಚಾರ್ಜರ್ ಮಾತ್ರ ಹಾಲ್‌ನಲ್ಲೇ ಇರಲಿ.