50 ಎಂಎಂ ಎಫ್/1.8, ಕ್ರಾಪ್ ಬಾಡಿಯಲ್ಲಿ: ತುಂಬಾ ದಿನ ಬಳಸಿದ ಮೇಲೆ

ಹೊಸಬರು ಯಾವ ಲೆನ್ಸ್ ತಗೋಬೇಕು ಅಂತ ಕೇಳಿದರೆ ಸಾಕು, ಹತ್ತು ಜನ ಒಂದೇ ಉಸಿರಲ್ಲಿ 50 ಎಂಎಂ ಎಫ್/1.8 ಅನ್ನುತ್ತಾರೆ. (ಎಂಎಂ ಅಂಕೆ ದೊಡ್ಡದಾದಷ್ಟೂ ನೋಟ ಕಿರಿದು, ಎಫ್ ಅಂಕೆ ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ.) ನಿಮ್ಮ ಕ್ಯಾಮೆರಾ ಯಾವುದು, ಏನು ತೆಗೆಯುತ್ತೀರಿ, ಮನೆಯೊಳಗೋ ಹೊರಗೋ ಅಂತ ಒಬ್ಬರೂ ಕೇಳುವುದಿಲ್ಲ. ನನ್ನ ಸಿಟ್ಟೆಲ್ಲ ಈ ಸಲಹೆಯ ಮೇಲೆ. ಲೆನ್ಸ್ ಪಾಪ, ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದೆ. ಕಂಪನಿ ಯಾವುದು ಅಂತ ಹೇಳುವುದಿಲ್ಲ. ಬಹುತೇಕ ಎಲ್ಲರೂ ಇಂಥದ್ದೊಂದು ಮಾಡುತ್ತಾರೆ, ಗುಣ ದೋಷ ಹೆಚ್ಚು ಕಡಿಮೆ ಅವೇ. ಒಳಗೆ ಎಷ್ಟು ಗ್ಲಾಸು, ಎಷ್ಟು ಬ್ಲೇಡು ಅನ್ನುವುದೆಲ್ಲ ಕಂಪನಿಯ ವೆಬ್‌ಸೈಟಿನಲ್ಲೇ ಇರುತ್ತದೆ, ಬಿಡಿ.

ತೊಂದರೆ ಏನು ಅಂದರೆ ಗೋಡೆ. ಮನೆಯೊಳಗೆ ನಾಲ್ಕು ಜನ ಸೇರಿದ್ದಾರೆ, ಒಂದು ಫೋಟೋ ತೆಗೆಯೋಣ ಅಂತ ಕ್ಯಾಮೆರಾ ಎತ್ತಿದರೆ ಇಬ್ಬರು ಮಾತ್ರ ಕಾಣುತ್ತಾರೆ. ಹಿಂದೆ ಹೋಗಿ, ಇನ್ನೂ ಹಿಂದೆ ಹೋಗಿ, ಬೆನ್ನಿಗೆ ಗೋಡೆ ತಾಗುತ್ತದೆ, ಆದರೂ ಒಬ್ಬರ ಕೈ ಫ್ರೇಮ್‌ನಿಂದ ಆಚೆಗೇ ಇರುತ್ತದೆ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಕ್ರಾಪ್ ಸೆನ್ಸರ್‌ನಲ್ಲಿ (ಫಿಲ್ಮ್ ಕಾಲದ ಫ್ರೇಮ್‌ಗಿಂತ ಸಣ್ಣ ಸೆನ್ಸರ್, ಇಂಥದ್ದಿರುವ ಕ್ಯಾಮೆರಾವೇ ಕ್ರಾಪ್ ಬಾಡಿ) 50 ಹಾಕಿಕೊಂಡು, ನಿಂತಿರುವ ಒಬ್ಬ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ಹಿಡಿಯಬೇಕು ಅಂದರೆ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿದರೂ ಸುಮಾರು 4 ಮೀಟರ್ ದೂರ ನಿಲ್ಲಬೇಕು. ನಮ್ಮ ಮನೆಗಳ ಕೋಣೆ ಅಷ್ಟು ಉದ್ದ ಇದ್ದರೂ ನಡುವೆ ಮಂಚ, ಬೀರು ಇರುತ್ತವೆ ಅಲ್ವಾ? 35 ಎಂಎಂ ಆದರೆ ಅದೇ ಫೋಟೋ 3 ಮೀಟರ್ ಒಳಗೇ ಮುಗಿಯುತ್ತದೆ.

ಈ ಸಲಹೆ ಬಂದದ್ದು ಫಿಲ್ಮ್ ಕಾಲದಿಂದ. 1925ರಲ್ಲಿ ಲೈಕಾ ತನ್ನ ಮೊದಲ ಕ್ಯಾಮೆರಾ ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದು 50 ಎಂಎಂ ಲೆನ್ಸ್. ಆಮೇಲೆ ಫ್ರಾನ್ಸಿನ ಛಾಯಾಗ್ರಾಹಕ ಆಂರಿ ಕಾರ್ತಿಯೇ-ಬ್ರೆಸೋಂ ಥರದವರು ಹೆಚ್ಚಿನ ಕೆಲಸವನ್ನೆಲ್ಲ 50ರಲ್ಲೇ ಮಾಡಿದರು, 50 ಅಂದರೆ ನಾರ್ಮಲ್ ಲೆನ್ಸ್ ಅನ್ನುವ ಮಾತು ಗಟ್ಟಿಯಾಯಿತು. ಸರಿ, ಆದರೆ ಅವರ ಫಿಲ್ಮ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಹೊಸಬರು ಕೊಳ್ಳುವ ಕ್ಯಾಮೆರಾಗಳಲ್ಲಿ ಹೆಚ್ಚಿನವು ಕ್ರಾಪ್ ಸೆನ್ಸರ್‌ನವು. ಅದರಲ್ಲಿ 50 ಹಾಕಿದರೆ ಫುಲ್ ಫ್ರೇಮ್‌ನ, ಅಂದರೆ ಆ ಫಿಲ್ಮ್‌ನಷ್ಟೇ ದೊಡ್ಡ ಸೆನ್ಸರ್‌ನ, 75 ಅಥವಾ 80ರಷ್ಟು ನೋಟ ಸಿಗುತ್ತದೆ. ಅದು ಪೋರ್ಟ್ರೇಟ್ ಲೆನ್ಸ್. ಅಂಗಡಿಯವರೂ ಹೇಳಲ್ಲ, ವಿಡಿಯೋ ಮಾಡುವವರೂ ಜಾಸ್ತಿ ಹೇಳಲ್ಲ. ಈ ಸಲಹೆ ಕೊಡುವವರಲ್ಲಿ ಅರ್ಧ ಜನರ ಕೈಯಲ್ಲಿ ಇರುವುದೇ ಫುಲ್ ಫ್ರೇಮ್.

ಇಷ್ಟು ಬೈದ ಮೇಲೆ ಇದನ್ನೂ ಹೇಳಬೇಕು, ಇವತ್ತಿಗೂ ನನ್ನ ಬಾಡಿ ಮೇಲೆ ಕೂತಿರುವುದು ಇದೇ ಲೆನ್ಸ್. ಕ್ಯಾಮೆರಾ ಜೊತೆಗೇ ಬಂದ ಜೂಮ್, ಅದೇ ಕಿಟ್ ಲೆನ್ಸ್, ಚೀಲದ ತಳದಲ್ಲಿದೆ.

ಕಾರಣ ಬೆಳಕು. ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಅದರ ಬಾಯಿ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಇದು ಎಫ್/1.8, ಅಂದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಅಲ್ಲಿ ಐಎಸ್ಒ (ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕೆ, ಜಾಸ್ತಿಯಾದಷ್ಟೂ ಫೋಟೋ ಕಾಳು ಕಾಳಾಗುತ್ತದೆ) 3200 ಬೇಕಾದ ಕಡೆ ಇಲ್ಲಿ 320 ಸಾಕು. ಸಂಜೆ ಲೈಟ್ ಹಾಕುವುದಕ್ಕೆ ಮುಂಚೆ, ಕಿಟಕಿಯಿಂದ ಸ್ವಲ್ಪವೇ ಬೆಳಕು ಬರುತ್ತಿರುವಾಗ, ಯಾರಾದರೂ ಅಲ್ಲಿ ಕೂತು ಏನೋ ಓದುತ್ತಿದ್ದರೆ, ಈ ಲೆನ್ಸ್ ಕೊಡುವ ಮುಖ ನೋಡಿ. ಒಂದು ಕೆನ್ನೆ ಬೆಳಕಲ್ಲಿ, ಇನ್ನೊಂದು ಮೆಲ್ಲಗೆ ಕತ್ತಲಿಗೆ ಜಾರುತ್ತದೆ, ಹಿಂದಿನ ಸಾಮಾನೆಲ್ಲ ಕರಗಿ ಬಣ್ಣವಾಗಿಬಿಡುತ್ತದೆ. ಫ್ಲ್ಯಾಶ್ ಇಲ್ಲ, ಕಾಳು ಕಾಳಾದ ನಾಯ್ಸ್ ಇಲ್ಲ. ಕಿಟ್ ಲೆನ್ಸ್‌ನಲ್ಲಿ ಹೀಗೂ ಆಗುತ್ತದೆ ಅನ್ನುವುದೇ ಗೊತ್ತಿರಲಿಲ್ಲ.

ಆದರೆ 1.8ರಲ್ಲೇ ಎಲ್ಲ ತೆಗೆಯಬೇಡಿ. ಒಂದು ಮೀಟರ್ ದೂರದಿಂದ ಮುಖ ತೆಗೆದರೆ ಫೋಕಸ್‌ನಲ್ಲಿ ಇರುವ ಜಾಗ 3 ಸೆಂಟಿಮೀಟರ್ ಕೂಡ ಇರುವುದಿಲ್ಲ. ಮೂಗು ಚೂಪಾಗಿ ಬಂದು ಕಣ್ಣು ಮಸುಕಾಗುವುದು ಇದಕ್ಕೇ. ಮಧ್ಯದ ಪಾಯಿಂಟಲ್ಲಿ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಸರಿಮಾಡುವ ಅಭ್ಯಾಸ ಇದ್ದರೆ ಈ ಲೆನ್ಸ್ ಕೈಕೊಡುತ್ತದೆ, ತಿರುಗಿಸುವಾಗಲೇ ಆ 3 ಸೆಂಟಿಮೀಟರ್ ತಪ್ಪಿಹೋಗುತ್ತದೆ. ಫೋಕಸ್ ಪಾಯಿಂಟನ್ನೇ ಕಣ್ಣಿನ ಮೇಲೆ ಇಡಬೇಕು. ನಾನು ಅಪರ್ಚರ್ ಪ್ರಯಾರಿಟಿಯಲ್ಲಿ (ಎಫ್ ಅಂಕೆ ನಾವು ಹೇಳಿದರೆ ಶಟರ್ ಕ್ಯಾಮೆರಾವೇ ನೋಡಿಕೊಳ್ಳುವ ಮೋಡ್) 2.2 ಅಥವಾ 2.5 ಇಟ್ಟುಕೊಂಡು, ಆಟೋ ಐಎಸ್ಒ ಹಾಕಿ, ಶಟರ್ 1/160 ಸೆಕೆಂಡಿಗಿಂತ ನಿಧಾನ ಆಗದ ಹಾಗೆ ಮೆನುವಿನಲ್ಲಿ ಕಟ್ಟಿಹಾಕಿದ್ದೇನೆ. ನನ್ನದರಲ್ಲಿ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ. ಇದ್ದರೂ ಓಡುವ ಮಗುವನ್ನು ಅದು ನಿಲ್ಲಿಸುವುದಿಲ್ಲ. ಬೆಳಕಿಗೆ ಎದುರಾಗಿರುವ ಎಲೆ, ಕಂಬಿ ತೆಗೆದರೆ ಅಂಚಿಗೆ ನೇರಳೆ ಗೆರೆ ಬರುತ್ತದೆ, 2.8ಕ್ಕೆ ಬಂದರೆ ತುಂಬಾ ಕಡಿಮೆಯಾಗುತ್ತದೆ.

ಇನ್ನು ದಿನದ ಉಪಚಾರ. ಫೋಕಸ್ ಮಾಡುವಾಗ ನನ್ನ ಲೆನ್ಸ್‌ನ ಮೂತಿ ಮುಂದಕ್ಕೆ ಬರುತ್ತದೆ. ಹತ್ತಿರದ್ದು ಏನಾದರೂ ತೆಗೆದು ಹಾಗೇ ಆಫ್ ಮಾಡಿದರೆ ಮೂತಿ ಹೊರಗೇ ಉಳಿಯುತ್ತದೆ. ರಿಂಗ್ ತಿರುಗಿಸಿದರೂ ಒಳಗೆ ಹೋಗುವುದಿಲ್ಲ, ಯಾಕೆಂದರೆ ರಿಂಗ್‌ಗೂ ಗ್ಲಾಸಿಗೂ ನೇರ ಸಂಬಂಧವೇ ಇಲ್ಲ, ನಡುವೆ ಮೋಟಾರ್ ಇದೆ, ಮೋಟಾರ್‌ಗೆ ಕರೆಂಟ್ ಬೇಕು. ಹೊರಗೆ ಬಂದ ಮೂತಿಗೆ ಚೀಲದಲ್ಲಿ ಪೆಟ್ಟು ಬಿದ್ದರೆ ಕೆಟ್ಟಿತು ಅಂತಲೇ ಲೆಕ್ಕ. ಹಾಗಾಗಿ ಆಫ್ ಮಾಡುವ ಮುಂಚೆ ದೂರದ ಮರಕ್ಕೋ ಮೋಡಕ್ಕೋ ಒಮ್ಮೆ ಫೋಕಸ್ ಮಾಡುತ್ತೇನೆ. ಸಣ್ಣಗೆ ಗುರ್ ಅಂತ ಒಳಗೆ ಸರಿಯುತ್ತದೆ. ಆಮೇಲೆ ಆಫ್, ಬ್ಲೋವರ್‌ನಿಂದ ಎರಡು ಸಲ ಊದುವುದು, ಬೆರಳ ಗುರುತಿದ್ದರೆ ಮಾತ್ರ ಬಟ್ಟೆ, ಮುಚ್ಚಳ ಟಕ್ ಅನ್ನುವವರೆಗೆ ಒತ್ತುವುದು. ಸುಮ್ನೆ ಮಾಡುವ ಕೆಲಸ ಅನಿಸಿದರೂ ನನಗೆ ಈ ಹೊತ್ತು ಇಷ್ಟ. ಲೆನ್ಸ್ ಎಷ್ಟು ಹಗುರ ಅಂದರೆ ಕ್ಯಾಮೆರಾ ಮೇಜಿನ ಮೇಲೇ ಇರುತ್ತದೆ, ಚೀಲ ಬಿಚ್ಚುವ ತಾಪತ್ರಯ ಇಲ್ಲ. ಮಳೆಗಾಲದಲ್ಲಿ ಮಾತ್ರ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಹೋಗುತ್ತದೆ, ಫಂಗಸ್ ಹಿಡಿದರೆ ಬಿಡಿಸುವುದು ಕಷ್ಟ.

ರಕ್ಷಣೆಗೆ ಅಂತ ಲೆನ್ಸ್ ಮುಂದೆ ತಿರುಪುವ ಗಾಜು, ಯುವಿ ಫಿಲ್ಟರ್, ಕೊಳ್ಳಬೇಡಿ. ರಾತ್ರಿ ದೀಪಗಳನ್ನು ತೆಗೆದಾಗ ಆ ದೀಪಗಳ ಪ್ರತಿಬಿಂಬ ಆಕಾಶದಲ್ಲಿ ತೇಲುತ್ತಿರುತ್ತದೆ. ಆ ದುಡ್ಡಿಗೆ ಲೆನ್ಸ್ ಬಾಯಿಗೆ ಹಾಕುವ ಕೊಳವೆಯಂಥ ಹುಡ್ ತಗೊಳ್ಳಿ, ಅಡ್ಡ ಬೆಳಕನ್ನೂ ತಡೆಯುತ್ತದೆ, ಪೆಟ್ಟನ್ನೂ ತಿನ್ನುತ್ತದೆ.

50ಓ 35ಓ ಅನ್ನುವುದನ್ನು ಹೀಗೆ ನೋಡಿ. ಕಿಟ್ ಲೆನ್ಸ್‌ನಲ್ಲಿ ಈಗಾಗಲೇ ತೆಗೆದ ಫೋಟೋಗಳ ಮಾಹಿತಿ ತೆರೆದರೆ ಪ್ರತಿಯೊಂದೂ ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತ ಇರುತ್ತದೆ. ನಿಮಗೆ ಇಷ್ಟವಾದವು ಹೆಚ್ಚಾಗಿ 45ರಿಂದ 55ರ ನಡುವೆ ಇದ್ದರೆ 50 ತಗೊಳ್ಳಿ, ಕಣ್ಣು ಮುಚ್ಚಿ. 24ರಿಂದ 35ರಲ್ಲಿ ಇದ್ದರೆ 35 ಎಫ್/1.8. ಎಲ್ಲವೂ 18ರಲ್ಲೇ ಇದ್ದರೆ ಎರಡೂ ಬೇಡ, ಇನ್ನೂ ಸ್ವಲ್ಪ ದಿನ ಕಿಟ್ ಲೆನ್ಸ್ ಓಡಿಸಿ. ಒಂದು ವಾರ ಜೂಮ್ ರಿಂಗನ್ನು 50ಕ್ಕೆ ಇಟ್ಟು ಟೇಪ್ ಸುತ್ತಿ ಓಡಾಡಿದರೂ ಸಾಕು, ಮನೆಯ ಗೋಡೆ ನಿಮಗೂ ತಾಗುತ್ತದಾ ಅಂತ ಗೊತ್ತಾಗುತ್ತದೆ. ಖರ್ಚಿಲ್ಲದ ಪರೀಕ್ಷೆ.

ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಆದರೆ ನಿಮ್ಮ ಬಾಡಿಯಲ್ಲಿ ಆಟೋಫೋಕಸ್ ಆಗುತ್ತದಾ ಅಂತ ಮೊದಲು ನೋಡಿ. ನಿಕಾನ್‌ನ ಹಳೆಯ 50 ಎಫ್/1.8ಡಿ ಲೆನ್ಸ್ ಒಳಗೆ ಮೋಟಾರ್ ಇಲ್ಲ, ಡಿ3500, ಡಿ5600 ಥರದ ಬಾಡಿಗಳಲ್ಲೂ ಇಲ್ಲ, ಹಾಗಾಗಿ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆ ಥರ ಫಂಗಸ್ ಇದೆಯಾ ಅಂತ ಗಮನಿಸಿ. ಮುಂದಿನ ಮೂತಿಯನ್ನು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ, ಲೊಡಲೊಡ ಅಂದರೆ ವಾಪಸ್ ಕೊಟ್ಟು ಬನ್ನಿ.