ಹ್ಯಾಚರ್ ಪುಸ್ತಕ: ಪೆನ್ಸಿಲ್ ಹಿಡಿದು ಓದುವವರಿಗೆ ಮಾತ್ರ

ಆಕಾರಗಳನ್ನು ಬೀಜಗಣಿತದಿಂದ ಅರಿಯುವ ಗಣಿತ ಶಾಖೆಯ ಪಠ್ಯ, ಅಲೆನ್ ಹ್ಯಾಚರ್ ಅವರ 'ಆಲ್ಜೀಬ್ರಾಯಿಕ್ ಟೊಪಾಲಜಿ' ತೆಗೆದುಕೊಳ್ಳಲೇ ಎಂದು ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ದುಡ್ಡಿನ ಚಿಂತೆ ಬೇಡ. 2002ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ಹೊರತಂದ ಈ ಪುಸ್ತಕದ ಪೂರ್ಣ ಪಿಡಿಎಫ್ ಲೇಖಕರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸ್ವಂತ ಓದಿಗೆ ಒಂದು ಪ್ರತಿ ಮುದ್ರಿಸಿಕೊಳ್ಳಲು ಅನುಮತಿಯೂ ಇದೆ. ಪುಸ್ತಕದ ನಡಿಗೆ ನಮಗೆ ಒಗ್ಗುತ್ತದೆಯೇ ಎಂಬುದೇ ನಿಜವಾದ ತೊಡಕು.

ವ್ಯಾಖ್ಯೆ, ಪ್ರಮೇಯ, ಸಾಧನೆ, ಕೆಳಗೊಂದು ಗೆರೆ: ನಾವೆಲ್ಲ ಗಣಿತ ಕಲಿತದ್ದು ಹೀಗೆ. ಹ್ಯಾಚರ್ ಮಾತನಾಡುತ್ತಾ ಹೋಗುತ್ತಾರೆ. ಎಷ್ಟೋ ವ್ಯಾಖ್ಯೆಗಳು ಪ್ಯಾರಾದ ನಡುವೆ ದಪ್ಪ ಅಕ್ಷರದಲ್ಲಿ ಬಂದು ಹೋಗುತ್ತವೆ. ಪರೀಕ್ಷೆಗೆ ಬಾಯಿಪಾಠ ಮಾಡಲು ಹೊರಟವರಿಗೆ ಇಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ನನಗಂತೂ ಇದೇ ಇದರ ದೊಡ್ಡ ಗುಣ.

ಅಧ್ಯಾಯಗಳು ಸೊನ್ನೆಯಿಂದ ಶುರು. ಅಲ್ಲೇ ಗಣಿತಜ್ಞ ಬಿಂಗ್ ಅವರ 'ಎರಡು ಕೋಣೆಯ ಮನೆ' ಎದುರಾಗುತ್ತದೆ. ಮೇಲಿನ ಕೋಣೆಗೆ ಕೆಳಗಿನಿಂದ ಸುರಂಗ ಹತ್ತಿ ಹೋಗಬೇಕು, ಕೆಳಗಿನದಕ್ಕೆ ಚಾವಣಿಯಿಂದ ಇಳಿಯಬೇಕು. ಬರೀ ಗೋಡೆಗಳ ಈ ಆಕಾರ ಒಂದು ಬಿಂದುವಿಗೆ ಕುಗ್ಗಬಲ್ಲದು. ಆದರೆ ಎಲ್ಲಿಯೂ ಬಿಡಿ ಅಂಚಿಲ್ಲದ್ದರಿಂದ ಕುಗ್ಗಿಸುವುದನ್ನು ಎಲ್ಲಿಂದ ಆರಂಭಿಸಬೇಕೆಂದು ಹೊಳೆಯುವುದಿಲ್ಲ. ಗೋಡೆಗಳನ್ನು ದಪ್ಪ ಮಾಡಿ ನೋಡಿ, ಅದು ಘನಗೋಲವೇ! ಈ ಅಧ್ಯಾಯದ ಉಳಿದ ಭಾಗವನ್ನು ಮೊದಲ ಓದಿನಲ್ಲಿ ಹಾರಿಸಿದರೆ ನಷ್ಟವಿಲ್ಲ.

ಪುಸ್ತಕದ ತಿರುಳು ನನ್ನ ಪ್ರಕಾರ ಮೊದಲ ಅಧ್ಯಾಯದ 58ನೇ ಪುಟ. 8ರ ಆಕಾರದ ಗ್ರಾಫಿನ ಮೇಲೆ ಹೊದಿಸಿದಂತಿರುವ, ಪ್ರತಿ ಬಿಂದುವಿನ ಹತ್ತಿರ ಅದರಂತೆಯೇ ಕಾಣುವ ಕವರಿಂಗ್ ಸ್ಪೇಸ್‌ಗಳ 14 ಚಿತ್ರಗಳು, ಪ್ರತಿಯೊಂದರ ಜೊತೆ 8ರ ಕುಣಿಕೆಗಳ ಗ್ರೂಪಿನಲ್ಲಿ ಅದಕ್ಕೆ ಹೊಂದುವ ಉಪಗ್ರೂಪ್. 8ರ ಎರಡು ಕುಣಿಕೆಗಳಿಗೆ ಎ, ಬಿ ಎಂದು ಹೆಸರು, ಎರಡಕ್ಕೂ ದಿಕ್ಕಿದೆ. ನಿಯಮ ಒಂದೇ: ಪ್ರತಿ ಶೃಂಗಕ್ಕೂ ಎ ಅಂಚೊಂದು ಬರಬೇಕು, ಒಂದು ಹೋಗಬೇಕು, ಬಿ ಅಂಚಿಗೂ ಹಾಗೆಯೇ. ಎರಡು ಶೃಂಗದ ಚಿತ್ರ ತೆಗೆದುಕೊಳ್ಳಿ. ಅಂಚುಗಳು ನಾಲ್ಕು. ಒಂದು ಅಂಚು ಶೃಂಗಗಳನ್ನು ಜೋಡಿಸಲು ಹೋಯಿತು, ಉಳಿದ ಮೂರರಿಂದ ಮೂರು ಸ್ವತಂತ್ರ ಕುಣಿಕೆಗಳಾದವು, ಕುಣಿಕೆಗೊಂದು ಜನಕ. ಎರಡೇ ಜನಕಗಳ ಫ್ರೀ ಗ್ರೂಪಿನೊಳಗೆ (ಜನಕಗಳ ನಡುವೆ ಯಾವ ಸಂಬಂಧವೂ ಇಲ್ಲದ ಗ್ರೂಪ್) ಮೂರು ಜನಕಗಳ ಫ್ರೀ ಗ್ರೂಪ್ ಕುಳಿತಿದೆ! ಬೀಜಗಣಿತದ ತರಗತಿಯಲ್ಲಿ ಒಂದು ಗಂಟೆ ಹೆಣಗಿಸುವ ಸಂಗತಿ ಇಲ್ಲಿ ಬೆರಳೆಣಿಕೆಯಲ್ಲಿ ಮುಗಿಯುತ್ತದೆ. ಚಿತ್ರದ ಯಾವ ಶೃಂಗದಲ್ಲಿ ನಿಂತರೂ ನೋಟ ಒಂದೇ ಆಗಿದ್ದರೆ ಆ ಉಪಗ್ರೂಪ್ ನಾರ್ಮಲ್, ಅಂದರೆ ಅದರಿಂದ ಭಾಗಿಸಿ ಹೊಸ ಗ್ರೂಪ್ ಪಡೆಯಬಹುದು. ಉಳಿದದ್ದನ್ನು ನೀವೇ ಬಿಡಿಸಿ ನೋಡಬೇಕು. ಈ ಪುಟ ಓದಿ ಮುಗಿಸುವಂಥದ್ದಲ್ಲ.

ಎರಡನೇ ಅಧ್ಯಾಯದ ಹೋಮಾಲಜಿ (ಆಕಾರದ ತೂತುಗಳನ್ನು ಎಣಿಸುವ ವಿದ್ಯೆ) ನಿಧಾನ. ತ್ರಿಕೋನದಂಥ ತುಂಡುಗಳಾದ ಸಿಂಪ್ಲೆಕ್ಸ್‌ಗಳ ಲೆಕ್ಕದಲ್ಲಿ ಕೈ ಪಳಗಿದ ಮೇಲೆ ಕೆಲವು ಭಾಗಗಳನ್ನು ಕತ್ತರಿಸಿ ತೆಗೆದರೂ ಲೆಕ್ಕ ಬದಲಾಗದೆಂಬ ಎಕ್ಸಿಷನ್ ಪ್ರಮೇಯದ ಉದ್ದನೆಯ ಸಾಧನೆ ಬರುತ್ತದೆ. ಅಲ್ಲಿ ತಾಳ್ಮೆ ಕೆಡುವುದು ಸಹಜ. ಮೊದಲು ಪ್ರಮೇಯವನ್ನು ಬಳಸಿ ಹತ್ತಾರು ಲೆಕ್ಕ ಮಾಡಿ, ಆಮೇಲೆ ಸಾಧನೆಗೆ ಬನ್ನಿ ಎಂಬುದು ನನ್ನ ಸಲಹೆ. ಮೂರನೆಯದು ಹೋಮಾಲಜಿಯ ಪ್ರತಿರೂಪವಾದ ಕೋಹೋಮಾಲಜಿ, ಎರಡನ್ನೂ ಬೆಸೆಯುವ ಪಾಯಿಂಕರೆ ಡ್ಯುಯಾಲಿಟಿ. ನಾಲ್ಕನೆಯ ಹೋಮೋಟೊಪಿ ಸಿದ್ಧಾಂತ (ಹರಿಯದೆ ಒಂದನ್ನು ಇನ್ನೊಂದಾಗಿ ಎಳೆಯುವುದರ ಅಧ್ಯಯನ) ಸಂಶೋಧನೆಗೆ ಹೊರಟವರಿಗೆ.

ದೂರುಗಳೂ ಇವೆ. ಅಭ್ಯಾಸಗಳಿಗೆ ಪುಸ್ತಕದಲ್ಲಿ ಉತ್ತರಗಳಿಲ್ಲ; ಜೊತೆಗೆ ಜಗಳವಾಡಲು ಒಬ್ಬರಾದರೂ ಇಲ್ಲದಿದ್ದರೆ ಓದು ನಿಂತೇ ಹೋಗುತ್ತದೆ. 'ಚಿತ್ರದಿಂದ ಸ್ಪಷ್ಟ' ಎಂಬ ಧಾಟಿಯ ಕಡೆಗಳಲ್ಲಿ ಎಲ್ಲರಿಗೂ ಸ್ಪಷ್ಟವಾಗುವುದಿಲ್ಲ. 500ಕ್ಕೂ ಹೆಚ್ಚು ಪುಟಗಳನ್ನು ಒಂದೇ ಸ್ಪೈರಲ್ ಬೈಂಡಿಂಗಿನಲ್ಲಿ ತುರುಕಿಸಬೇಡಿ, ಹಾಳೆಗಳು ಕಿತ್ತು ಬರುತ್ತವೆ. ಮೊದಲೆರಡು ಅಧ್ಯಾಯಗಳನ್ನು ಬೇರೆಯಾಗಿ, ಒಂದೇ ಬದಿಗೆ ಮುದ್ರಿಸಿ. ಖಾಲಿ ಬದಿ ಚಿತ್ರಗಳಿಗೆ ಬೇಕಾಗುತ್ತದೆ.

ಡಿಫರೆನ್ಷಿಯಲ್ ಫಾರ್ಮ್ (ಅನುಕಲನ ಮಾಡಬಲ್ಲ ರಾಶಿ), ಅದರಿಂದ ಕಟ್ಟುವ ಡಿ ರಾಮ್ ಕೋಹೋಮಾಲಜಿ ಬೇಕಾದವರು, ಅಂದರೆ ಜ್ಯಾಮಿತಿಯ ಕಡೆಯಿಂದ ಬರುವವರು, ಬೇರೆ ಪುಸ್ತಕ ಹಿಡಿಯಲೇಬೇಕು. ಅದು ಇಲ್ಲಿಲ್ಲ.