ಗೆದ್ದವರ ಹೆಸರಿಲ್ಲದ 1983ರ ಪುಸ್ತಿಕೆ

ರಾಲಿ ನಗರದ ಜಾತ್ರೆ ಮೈದಾನದಲ್ಲಿ ಶನಿವಾರ, ಭಾನುವಾರ ಹಳೆಯ ವಸ್ತುಗಳ ಸಂತೆ ಕೂಡುತ್ತದೆ. ಕಳೆದ ತಿಂಗಳು ಅಲ್ಲಿನ ಒಂದು ಮೇಜಿನ ಮೇಲೆ ನನಗೆ ಸಿಕ್ಕಿದ್ದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ 1983ರ ‘ಫೈನಲ್ ಫೋರ್’, ಅಂದರೆ ಕೊನೆಗುಳಿದ ನಾಲ್ಕು ತಂಡಗಳ ಸುತ್ತಿನ, ಪುಸ್ತಿಕೆ. ಬೆಲೆ 35 ಡಾಲರ್. ಆ ವರ್ಷ ಫೈನಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು ಸೋಲಿಸಿ ಗೆದ್ದದ್ದು ನಮ್ಮೂರಿನ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ, ಚಿಕ್ಕದಾಗಿ ‘ಸ್ಟೇಟ್’. ಮೈಸೂರು ಬಿಟ್ಟು ಹದಿನಾರು ವರ್ಷವಾಯಿತು. ರಾಲಿಯನ್ನು ನಮ್ಮೂರು ಎನ್ನಲು ಈಗ ನಾಲಿಗೆ ತಡೆಯುವುದಿಲ್ಲ.

ಇದಕ್ಕೂ ಮೊದಲು ಇಂಟರ್‌ನೆಟ್‌ನ ಮಾರಾಟಗಾರನೊಬ್ಬನಿಂದ ಇದೇ ಪುಸ್ತಿಕೆಯೆಂದು 80 ಡಾಲರಿಗೆ ಒಂದನ್ನು ತರಿಸಿದ್ದೆ. ಅದರ ಮುಖಪುಟದಲ್ಲೇ ಫೈನಲ್ ಪಂದ್ಯದ ಅಂಕ 54-52 ಎಂದು ಅಚ್ಚಾಗಿತ್ತು. ಕ್ರೀಡಾಂಗಣದ ಬಾಗಿಲಲ್ಲಿ ಮಾರುವ ಪುಸ್ತಿಕೆ ಪಂದ್ಯಕ್ಕೆ ಮೊದಲೇ ಅಚ್ಚಾಗಿರಬೇಕಲ್ಲವೇ? ಕೊನೆಯ ಅಂಕ ಅದಕ್ಕೆ ಹೇಗೆ ಗೊತ್ತಾಯಿತು? ಒಳಗೆ ಹ್ಯೂಸ್ಟನ್ ತಂಡದ ಒಲಾಜುವಾನ್ ಅವರ ಹೆಸರು ‘ಹಕೀಮ್’ ಎಂದಿತ್ತು. ಅವರು ಹಕೀಮ್ ಎಂದು ಬರೆದುಕೊಳ್ಳತೊಡಗಿದ್ದು 1991ರಲ್ಲಿ. ಕಾಲೇಜಿನ ದಿನಗಳಲ್ಲಿ ಅವರು ‘ಅಕೀಮ್’. ಗೆಲುವಿನ ನೆನಪಿಗೆ ಆಮೇಲೆ ತಂದದ್ದೆಂದು ಹೇಳಿ ಮಾರಿದ್ದರೆ ನನ್ನ ತಕರಾರಿರಲಿಲ್ಲ. ಮೂಲ ಪ್ರತಿ ಎಂದದ್ದು ಸುಳ್ಳು. ಹಣ ಹಿಂದಿರುಗಿಸಿ ಎಂದು ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ.

ಸಂತೆಯ ಪ್ರತಿಯಲ್ಲಿ ಅಕೀಮ್ ಅಕೀಮ್ ಆಗಿಯೇ ಇದ್ದಾರೆ. ಸ್ಟೇಪಲ್ ಪಿನ್ನುಗಳಿಗೆ ತುಕ್ಕು ಹಿಡಿದಿದೆ, ಒಂದು ಮೂಲೆಯಲ್ಲಿ ನೀರಿನ ಕಲೆ, ತೆರೆದರೆ ಬಹುಕಾಲ ಮುಚ್ಚಿಟ್ಟ ಬೀರುವಿನ ವಾಸನೆ. ಹ್ಯೂಸ್ಟನ್, ಲೂಯಿವಿಲ್, ಜಾರ್ಜಿಯಾ, ಸ್ಟೇಟ್, ನಾಲ್ಕೂ ತಂಡಗಳು ನಗುತ್ತಿವೆ. ಯಾರು ಗೆಲ್ಲುತ್ತಾರೆಂದು ಈ ಕಾಗದಕ್ಕೆ ತಿಳಿಯದು. ಸ್ಟೇಟ್‌ನ ತರಬೇತುದಾರ ಜಿಮ್ ವಲ್ವಾನೊ ಹತ್ತೇ ವರ್ಷಗಳಲ್ಲಿ ಕ್ಯಾನ್ಸರಿಗೆ ಬಲಿಯಾಗುತ್ತಾರೆಂದೂ, ಅವರ ಆಟಗಾರ ಲೊರೆಂಜೊ ಚಾರ್ಲ್ಸ್ 2011ರಲ್ಲಿ ಇದೇ ರಾಲಿಯಲ್ಲಿ ಬಸ್ ಅಪಘಾತದಲ್ಲಿ ತೀರಿಕೊಳ್ಳುತ್ತಾರೆಂದೂ ತಿಳಿಯದು. ನನಗೆ ಬೇಕಾಗಿದ್ದದ್ದು ಇದೇ.

ಅದೇ ಮೇಜಿನಲ್ಲಿ ಆ ಗೆಲುವಿನ ನೆನಪಿಗೆ ತಂದ ಕೋಕಾ-ಕೋಲಾ ಬಾಟಲಿಯೂ ಇತ್ತು, ಮುಚ್ಚಳ ತೆರೆಯದೆ. ಚೆಂದವಾಗಿತ್ತು, ಆದರೆ ಗೆದ್ದ ಮೇಲೆ ಮಾಡಿದ್ದು. ಬಿಟ್ಟು ಬಂದೆ.

ಬೆಲೆ ಇಷ್ಟು ಇಳಿಯಲು ಕಾರಣ ಅಂಚಿನಲ್ಲಿದ್ದ ಪೆನ್ಸಿಲ್ ಬರಹ. ಸಂಗ್ರಾಹಕರು ಇದನ್ನು ದೋಷವೆನ್ನುತ್ತಾರೆ. ರಬ್ಬರಿನಿಂದ ಉಜ್ಜಿದರೆ ಹೋಗುತ್ತದೆ ಎಂದು ಅಂಗಡಿಯಾತನೂ ಹೇಳಿದ. ದಯವಿಟ್ಟು ಉಜ್ಜಬೇಡಿ. ಏಪ್ರಿಲ್ 4ರ ರಾತ್ರಿ ಅಲ್ಬುಕರ್ಕಿಯಲ್ಲಿ, ನೆಲಮಟ್ಟದಿಂದ 37 ಅಡಿ ಕೆಳಗಿರುವ ‘ಪಿಟ್’ ಅಂಗಳದ ಫೈನಲ್ ಪಂದ್ಯವನ್ನು ನೋಡುತ್ತ ಯಾರೋ ಸ್ಟೇಟ್ ತಂಡದ ಪುಟದ ಅಂಚಿನಲ್ಲಿ ಅಂಕಗಳನ್ನು ಬರೆದುಕೊಳ್ಳುತ್ತ ಹೋಗಿದ್ದಾರೆ. ಕೊನೆಯದು 33-25, ಅಂದರೆ ಅರ್ಧವಿರಾಮದಲ್ಲಿ ಸ್ಟೇಟ್ ಮುಂದೆ. ಆಟ ಮತ್ತೆ ಶುರುವಾದಾಗ ಹ್ಯೂಸ್ಟನ್ 17 ಅಂಕ ಗಳಿಸುವಷ್ಟರಲ್ಲಿ ಸ್ಟೇಟ್‌ಗೆ ಸಿಕ್ಕಿದ್ದು ಎರಡೇ. ಕೊನೆಯ ಗಳಿಗೆಯಲ್ಲಿ ಸ್ಟೇಟ್‌ನ ಡೆರೆಕ್ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ಬುಟ್ಟಿ ಮುಟ್ಟದೆ ಬೀಳುತ್ತಿದ್ದಾಗ ಚಾರ್ಲ್ಸ್ ಅದನ್ನು ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದರು. ಹೀಗೆ ಬಂದದ್ದು ಆ 54.

ಉಳಿದ ಪುಟಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿದೆ. 33-25ರ ನಂತರ ಪೆನ್ಸಿಲಿನ ಒಂದು ಗೀಟೂ ಇಲ್ಲ.